ದುರ್ಬೀನ್ ಆಪರೇಷನ್ ಈಗೋ, ಆಮ್ಯಾಲೋ?

ಅಲ್ಲಬೇ ಅಕ್ಕಾ, ನಿನ್ನ ಸೊಸಿ ಕಲಬುರಗಿಯಿಂದ ತಂದ ಸ್ಕ್ಯಾನಿಂಗ್ ಚೀಟಿ ನೋಡಿದೆ. ಎಡಗಡಿ ಅಂಡಾಶಯದಾಗ ಚಾಕಲೇಟ್ ಸಿಸ್ಟ್ ಅದ ಅಂತ ಬರದಾರ. ಇದು ಕ್ಯಾನ್ಸರ್ ಅಲ್ಲ, ಮೊದ್ಲ ಕಣ್ಣೊರಸ್ಕೊ. ಎಂಡೊಮೆಟ್ರಿಯೋಸಿಸ್ ಅಂತಾರ ಇದಕ್ಕ. ಗರ್ಭಚೀಲದ ಒಳಗ ಇರೋ ಪದರಿನಂಥಾದ್ದೇ ಹೊರಗ ಅಂಡಾಶಯ, ನಳಿ, ಕರುಳಿನ ಮ್ಯಾಲ ಬೆಳೀತದ. ಮುಟ್ಟಾದಾಗ ಅಲ್ಲೂ ರಕ್ತ ಸೋರಿ, ಹೊರಗ ಹೋಗ್ಲಿಕ್ಕ ದಾರಿ ಇಲ್ದ ನಿಂತು, ಒಳಗಿಂದೊಳಗ ಅಂಟು ಹಿಡಿಸ್ತದ. ಆ ಹಳೀ ರಕ್ತದ ಬಣ್ಣಕ್ಕೇ ಚಾಕಲೇಟ್ ಅನ್ನೋ ಹೆಸರು. ವಿಶ್ವ ಆರೋಗ್ಯ ಸಂಸ್ಥಿ ಲೆಕ್ಕದಾಗ ಹಡಿಯೋ ವಯಸ್ಸಿನ ಹೆಣ್ಮಕ್ಕಳೊಳಗ ನೂರಕ್ಕ ಸುಮಾರು 10 ಮಂದಿಗಿ ಇದು ಇರ್ತದ. ತಿಂಗಳಾ ತಿಂಗಳಾ ಅಕಿ ಹೊಟ್ಟಿ ಹಿಡ್ಕೊಂಡು ಮಲಗಿದ್ದು ಸೋಗಲ್ಲ ಅಂತ ಓಣಿಯವ್ರಿಗಿ ನೀನೇ ಹೇಳು.

ನಿನ್ನ ಹೆದರಿಕಿ ನನಗ ತಿಳೀತದ. ನಮ್ಮ ಕಡಿ ಆಪರೇಷನ್ ಅಂದ್ರ "ಚೀಲ ತೆಗೀತಾರ" ಅಂತನೇ ಕಿವಿಗಿ ಬೀಳ್ತದ. ಸುಮ್ಮಸುಮ್ಮನ ಹುಟ್ಟಿದ ಹೆದರಿಕಿ ಅಲ್ಲ ಅದು. ಹೊಟ್ಟಿನೋವು, ಬಿಳಿ ಹೋಗ್ತದ ಅಂತ ದವಾಖಾನಿಗಿ ಹೋದ ಎಳೀ ವಯಸ್ಸಿನ ಹೆಣ್ಮಕ್ಕಳ ಗರ್ಭಚೀಲನೇ ತೆಗದು ಕಳಿಸಿದ್ದು ಕಲಬುರಗಿ ಜಿಲ್ಲಾದ ಹಳ್ಳಿ, ತಾಂಡಾದಾಗ 2015ರಾಗ ಬಯಲಿಗಿ ಬಂತಲ್ಲ. ಇಂಥಾ ಬೇಡದ ಆಪರೇಷನ್ ತಡೀಬೇಕು ಅಂತ ಸುಪ್ರೀಂ ಕೋರ್ಟೇ 2023ರಾಗ ಎಲ್ಲಾ ರಾಜ್ಯಗಳಿಗಿ ಹೇಳ್ತು. ಆದ್ರ ನಿನ್ನ ಸೊಸಿಗಿ ಡಾಕ್ಟರು ಹೇಳಿದ್ದು ಅದಲ್ಲ. ಸಣ್ಣ ತೂತಿನೊಳಗಿಂದ ದುರ್ಬೀನ್ (ಲ್ಯಾಪರೊಸ್ಕೋಪ್) ಹಾಕಿ ಸಿಸ್ಟ್ ಅಷ್ಟೇ ಸುಲಿದು ತೆಗಿಯೋದು. ಚೀಲ ಇದ್ದಲ್ಲೇ ಇರ್ತದ.

ಹಂಗಂತ ನಾಳೆನೇ ಹೋಗಿ ಮಲಗಿಸೂದೂ ಬ್ಯಾಡ. ದವಾಖಾನ್ಯಾಗ ನರ್ಸ್ ಆಗಿ ದುಡದಾಕಿ ನಾನು, ಕೂಸಿನ ದಾರಿ ನೋಡೋ ನಿಮಗ ಇದೊಂದು ಮಾತು ಒತ್ತಿ ಹೇಳ್ತೀನಿ. ತೊಗರಿ ಹೊಲದಾಗ ಕಸ ಕಿತ್ತಾಗ ಬೇರು ಸಮೇತ ಒಂದಿಷ್ಟು ಸಸಿನೂ ಬರ್ತಾವ ನೋಡು, ಸಿಸ್ಟ್ ಸುಲಿಯುವಾಗ ಅಂಡಾಶಯದ ಒಳ್ಳೇ ಭಾಗನೂ ಹಂಗೇ ಬರ್ತದ. ತತ್ತಿ ಕಡಿಮಿ ಆಗ್ತಾವ. ಎರಡೂ ಕಡಿ ಸಿಸ್ಟ್ ಇದ್ರ ಧಕ್ಕಿ ಇನ್ನೂ ಜಾಸ್ತಿ. ಎರಡನೇ ಸಲ, ಮೂರನೇ ಸಲ ಕೊಯ್ಸಿದ್ರಂತೂ ಹಡಿಯೋ ಆಸಿಗಿ ಭಾಳ ಕುತ್ತು. ಅದಕ್ಕ ಮೊದಲ್ನೇ ಆಪರೇಷನ್ನೇ ನೆಟ್ಟಗ ಆಗಬೇಕು, ಈ ಬ್ಯಾನಿ ಬಲ್ಲ ಕೈಯಾಗೇ ಆಗಬೇಕು. ಆಪರೇಷನ್‌ಗಿಂತ ಮೊದ್ಲ ಎಎಂಎಚ್ ರಕ್ತ ಪರೀಕ್ಷಾ ಮಾಡ್ಸಿ ತತ್ತಿ ಎಷ್ಟವ ಅಂತ ತಿಳ್ಕೋಬೇಕು. ನಳಿ ತೆರೆದಾವೋ ಇಲ್ಲೋ ನೋಡ್ಸಬೇಕು. ನಿನ್ನ ಮಗಂದೂ ವೀರ್ಯ ಪರೀಕ್ಷಾ ಆಗಬೇಕು. ಮುಖ ತಿರುವಬ್ಯಾಡ ಅಕ್ಕಾ, ಅವನ ಕಡಿ ಕೊರತಿ ಇದ್ರ ಅಕಿ ಹೊಟ್ಟಿ ಕೊಯ್ದು ಏನು ಬಂತು?

ಬ್ಯಾನಿ ಸಣ್ಣದಿದ್ರ ದುರ್ಬೀನಿಂದ ತೆಗೆಸಿದವ್ರಿಗಿ ತಾನಾಗೇ ಬಸಿರು ನಿಲ್ಲೋ ಸಾಧ್ಯತಾ ಹೆಚ್ಚು. ಕೆನಡಾದಾಗ 341 ಹೆಣ್ಮಕ್ಕಳ ಮ್ಯಾಲ ನೋಡಿ 1997ರಾಗ ಬರದಿದ್ರು: ತೆಗೆಸಿದವ್ರೊಳಗ ನೂರಕ್ಕ 31ರಷ್ಟು ಮಂದಿ 36 ವಾರದಾಗ ಬಸಿರಾದ್ರು, ಬರೇ ಒಳಗ ನೋಡಿ ಬಿಟ್ಟವ್ರೊಳಗ 18ರಷ್ಟು. ಆದ್ರ ತತ್ತಿ ಹೊರಗ ತೆಗದು ಬಸಿರು ಮಾಡ್ಸೋ ಐವಿಎಫ್‌ಗೇ ಹೋಗೋದು ಅಂತ ಆದ್ರ ಲೆಕ್ಕ ಬ್ಯಾರೆ. ಅದರ ಸಲುವಾಗಿ ಸಿಸ್ಟ್ ತೆಗೆಸೂದು ವಾಡಿಕಿ ಆಗಬಾರದು ಅಂತ ಯುರೋಪಿನ ತಜ್ಞರು 2022ರಾಗ ಹೇಳ್ಯಾರ. ನೋವು ತಡಿಲಾರದಂಗಿದ್ರ, ಇಲ್ಲಾ ತತ್ತಿ ತೆಗಿಲಿಕ್ಕ ಸಿಸ್ಟ್ ಅಡ್ಡ ಬಂದ್ರ ಆಗ ವಿಚಾರ ಮಾಡ್ಬೇಕು. ವಯಸ್ಸು 35 ದಾಟಿದ್ರ, ತತ್ತಿ ಕಡಿಮಿ ಇದ್ರ, ಕೊಯ್ಸೂದಕ್ಕಿಂತ ಮೊದ್ಲ ಬಸಿರಿನ ತಜ್ಞರನ್ನ ಕೇಳಬೇಕು. ನಿನ್ನ ಸೊಸಿಗಿ ಇನ್ನೂ 29. ಯೋಚನಿ ಮಾಡ್ಲಿಕ್ಕ ವ್ಯಾಳ್ಯಾ ಅದ, ವರ್ಷಗಟ್ಟಲೆ ಅಲ್ಲ.

ಇನ್ನ ಯಾವಾಗ ಅನ್ನೋದು. ಇದನ್ನ ಡಾಕ್ಟರಿಗಿಂತ ನಿಮ್ಮ ಮನಿಯವ್ರೇ ಕೂತು ವಿಚಾರ ಮಾಡ್ಬೇಕು. ನಿನ್ನ ಮಗ ಬೆಂಗಳೂರಾಗ ಗಾರಿ ಕೆಲಸಕ್ಕ ಹೋಗ್ಯಾನ, ವಿಶ್ವಾರಾಧ್ಯರ ಜಾತ್ರಿಗಿ ಬಂದ್ರ ಮತ್ತ ದೀಪಾವಳಿಗೇ ಬರಾಂವ. ಯಾದಗಿರಿ ಸ್ಟೇಷನ್‌ದಾಗ ರೈಲು ಹತ್ತಿ ಹೋಗೋ ಎಷ್ಟು ಮಂದಿ ಮನ್ಯಾಗ ಹೆಂಡ್ರು ಹಿಂಗೇ ದಾರಿ ಕಾಯ್ತಾರ! ಈಗ ಆಪರೇಷನ್ ಮಾಡ್ಸಿ, ಗಂಡ ಹೆಂಡ್ತಿ ಆರು ತಿಂಗಳು ದೂರ ಇದ್ರ ಆ ಹೊತ್ತು ಹಾಳಾದಂಗೇ. ತೆಗೆಸಿದ ಮ್ಯಾಲಿನ ಮೊದಲ್ನೇ ವರ್ಷ ಭಾಳ ಬೆಲಿ ಇದ್ದದ್ದು, ಯಾಕಂದ್ರ ಈ ಬ್ಯಾನಿ ತಿರುಗಿ ಬರ್ತದ. ನೋವಿಗಂತ ಕೊಡೋ ಹಾರ್ಮೋನ್ ಗುಳಿಗಿನೂ ಹಂಗೇ. ನೋವು ಇಳಸ್ತದ ಖರೆ, ನುಂಗೋ ತನಕ ಬಸಿರು ನಿಲ್ಲಗೊಡೂದಿಲ್ಲ. ಕೂಸು ಬೇಕು ಅನ್ನೋವ್ರು ಅದನ್ನ ನುಂಗಿ ಕಾಯೋದರಾಗ ಲಾಭ ಇಲ್ಲ.

ವಿಶ್ವಾರಾಧ್ಯರ ಮಠಕ್ಕ ಹೋಗಿ ಗದ್ದಿಗಿಗಿ ಕಾಯಿ ಒಡಸ್ಕೊಂಡು ಬಾ, ನಾನೂ ಬರ್ತೀನಿ. ಆದ್ರ ಹರಕಿ ತೀರೂ ತನಕ ಪರೀಕ್ಷಾ ನಿಲ್ಲಿಸಬ್ಯಾಡ. ಮಗನಿಗಿ ಇವತ್ತ ಸಂಜಿಕೇ ಫೋನ್ ಹಚ್ಚು, ರಜಾ ತಗೊಂಡು ಬರ್ಲಿ, ಅವನೂ ಡಾಕ್ಟರ ಮುಂದ ಕೂಡ್ಲಿ. ಎಲ್ಲಾ ಚೀಟಿ ಒಂದು ಚೀಲದಾಗ ಹಾಕ್ಕೊಂಡು ಇನ್ನೊಬ್ಬ ಡಾಕ್ಟರಿಗೂ ತೋರ್ಸರಿ. ಕಡೀ ಮಾತು ನಿಂದೂ ಅಲ್ಲ, ನಂದೂ ಅಲ್ಲ ಅಕ್ಕಾ. ನೋವು ತಿಂದಾಕಿ ಅಕಿ, ಅಕೀನೇ ಹೇಳ್ಲಿ.