ಬ್ಯಾಂಜೋ ಇದ್ದರೆ ಕಂಟ್ರಿಯೇ?

ಕುದುರೆ, ಟೋಪಿ, ಬ್ಯಾಂಜೋ ಎಲ್ಲ ಇದ್ದರೂ ಗಾಯಕ ಲಿಲ್ ನಾಸ್ ಎಕ್ಸ್‌ನ ‘ಓಲ್ಡ್ ಟೌನ್ ರೋಡ್’ ಹಾಡನ್ನು 2019ರಲ್ಲಿ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ತನ್ನ ಕಂಟ್ರಿ ಸಂಗೀತದ ಪಟ್ಟಿಯಿಂದ ಕಿತ್ತುಹಾಕಿತು. ಕಂಟ್ರಿ ಅಂಶ ಸಾಲದಂತೆ! ಪಾಯಸಕ್ಕೆ ಬೆಲ್ಲ ಸಾಲದು ಅಂದ ಹಾಗೆ. ಹಾಡೇನೂ ಮುನಿಸಿಕೊಳ್ಳಲಿಲ್ಲ, ಕಂಟ್ರಿಯ ಹಳೇ ಹುಲಿ ಬಿಲ್ಲಿ ರೇ ಸೈರಸ್‌ರನ್ನೂ ಜೊತೆಗೆ ಹಾಕಿಕೊಂಡು ಮುಖ್ಯ ಪಟ್ಟಿಯ ನೆತ್ತಿಯ ಮೇಲೆ 19 ವಾರ ಕೂತಿತು.

ಅಂದಹಾಗೆ, ಕಂಟ್ರಿಯ ಗುರುತೆನ್ನುವ ಬ್ಯಾಂಜೋದ ಮೂಲವೇ ಆಫ್ರಿಕಾದ್ದು.

ಟ್ರೇಸಿ ಚಾಪ್‌ಮನ್ 1988ರಲ್ಲಿ ಹಾಡಿದ ‘ಫಾಸ್ಟ್ ಕಾರ್’ ಅನ್ನು ಆಗ ಯಾರೂ ಕಂಟ್ರಿ ಅನ್ನಲಿಲ್ಲ. ಕಂಟ್ರಿ ಗಾಯಕ ಲ್ಯೂಕ್ ಕೂಂಬ್ಸ್ ಬಾಯಿಗೆ ಬಿದ್ದದ್ದೇ ತಡ, 2023ರಲ್ಲಿ ಕಂಟ್ರಿ ಸಂಗೀತ ಸಂಘದ ‘ವರ್ಷದ ಹಾಡು’! ಪದವೂ ಅದೇ, ರಾಗವೂ ಅದೇ. ಪ್ರಶಸ್ತಿ ಮಾತ್ರ ನ್ಯಾಯವಾಗಿ ಬರೆದಾಕೆ ಚಾಪ್‌ಮನ್‌ಗೇ ಸಂದಿತು.

ಮರುವರ್ಷ ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ ಬಂತು. ಸಂಘದ ಪ್ರಶಸ್ತಿಗಳಿಗೆ ಅದು ಒಂದು ನಾಮನಿರ್ದೇಶನವನ್ನೂ ಪಡೆಯಲಿಲ್ಲ. 2025ರ ಗ್ರ್ಯಾಮಿಯಲ್ಲಿ ಶ್ರೇಷ್ಠ ಕಂಟ್ರಿ ಆಲ್ಬಂ ಅದೇ.