ಫಾರ್ವರ್ಡ್ ಪ್ರಮಾಣ ಮೀಮಾಂಸೆ

ಪೀಠಿಕೆ: ಸತ್ಯವನ್ನು ಅರಿಯಲು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕೇ ಪ್ರಮಾಣಗಳೆಂದು ನೈಯಾಯಿಕರು ಸಾಧಿಸಿದರು. ಪಾಪ, ಅವರ ಕಾಲಕ್ಕೆ ಹೊಂಗನೂರಿಗೆ ಟವರ್ ಬಂದಿರಲಿಲ್ಲ. ಚನ್ನಪಟ್ಟಣ ತಾಲ್ಲೂಕಿನ ರೇಷ್ಮೆ ಬೆಳೆಗಾರರು ನಿತ್ಯ ಬಳಸುವ ಐದನೆಯದೊಂದಿದೆ. ಅದೇ ಫಾರ್ವರ್ಡ್.

ಸೂತ್ರ 1: ಬಂದದ್ದು ನಿಜ, ಎರಡು ಸಲ ಬಂದದ್ದು ಪರಮ ನಿಜ.

ಭಾಷ್ಯ: ಡೇರಿಗೆ ಹಾಲು ಹಾಕುವ ಹೊತ್ತಿಗೆ ಗ್ರೂಪಿನಲ್ಲಿ ‘ರಾಮನಗರದಲ್ಲಿ ಗೂಡಿಗೆ ಭಾರಿ ರೇಟು’ ಎಂಬ ವಾಕ್ಯ ಅವತರಿಸುತ್ತದೆ. ಯಾರು ಹೇಳಿದ್ದು, ಯಾವತ್ತಿನದು ಎಂದು ಕೇಳುವಂತಿಲ್ಲ. ಅಪೌರುಷೇಯವಾದದ್ದಕ್ಕೆ ಕರ್ತೃವೂ ಇಲ್ಲ, ತಾರೀಖೂ ಇಲ್ಲ.

ಸೂತ್ರ 2: ಕಟ್ಟುಪಾಡು ಬಂದರೆ ಸ್ಕ್ರೀನ್‌ಶಾಟ್.

ಭಾಷ್ಯ: ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು 2018ರಲ್ಲಿ ವಾಟ್ಸ್‌ಆಪ್ ಭಾರತೀಯರಿಗೆ ಕಡಿವಾಣ ಹಾಕಿತು. 2020ರಲ್ಲಿ ಜೋಡಿ ಬಾಣದ ಗುರುತು ಹೊತ್ತದ್ದು ಒಮ್ಮೆಗೆ ಒಂದೇ ಕಡೆಗೆ ಎಂದಿತು. ಹೊಂಗನೂರು ಸಂಪ್ರದಾಯದವರು ಅದರ ಚಿತ್ರ ತೆಗೆದು ಕಳಿಸಿದರು. ಬಾಣಗಳು ಉದುರಿದವು, ವದಂತಿಗೆ ಪುನರ್ಜನ್ಮ ಸಿಕ್ಕಿತು.

ಸೂತ್ರ 3: ರೇಟು ಒಂದೇ, ಗೂಡು ನಾನಾ.

ಭಾಷ್ಯ: ಗ್ರೂಪಿನಲ್ಲಿ ಬಂದದ್ದು ಯಾರದೋ ಬಿಳಿಯ ದ್ವಿತಳಿ ಗೂಡಿನ ಮೇಲ್ರೇಟು. ನಮ್ಮವನು ಚೀಲ ಕಟ್ಟಿಕೊಂಡು ಹೊರಟದ್ದು ಹಳದಿ ಮಿಶ್ರತಳಿ. ವರ್ಣಭೇದವನ್ನು ಒಪ್ಪದಿರುವುದು ಫಾರ್ವರ್ಡಿನ ದೊಡ್ಡ ಗುಣ.

ಪೂರ್ವಪಕ್ಷ: ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಎದುರಾಗುವ, ಗೂಡು ಕೊಂಡು ನೂಲು ಬಿಚ್ಚುವ ರೀಲರ್ ಅಪ್ಪಟ ಚಾರ್ವಾಕ, ಪ್ರತ್ಯಕ್ಷವನ್ನು ಬಿಟ್ಟು ಬೇರೇನನ್ನೂ ನಂಬುವವನಲ್ಲ. ಜಾಲರಿಯಲ್ಲಿ ಸುರಿದ ರಾಶಿಯೊಳಕ್ಕೆ ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಗೂಡು ಎತ್ತುತ್ತಾನೆ. ಬೆರಳ ನಡುವೆ ಅಮುಕುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ‘ಮೆತ್ತಗೈತೆ ಕಣಣ್ಣ’ ಎನ್ನುತ್ತಾನೆ. ‘ಗ್ರೂಪಲ್ಲಿ ಜಾಸ್ತಿ ಹಾಕವ್ರಲ್ಲಣ್ಣ’ ಎಂದು ಬೆಳೆಗಾರ ಮೊಬೈಲ್ ತೋರಿಸುತ್ತಾನೆ. ರೀಲರ್ ತಾನೂ ಮೊಬೈಲ್ ತೆಗೆದು, ಲಾಟ್ ನಂಬರ್ ನೋಡಿ, ಇ-ಹರಾಜಿಗೆ ತನ್ನ ಬಿಡ್ ಒತ್ತುತ್ತಾನೆ. ಇಬ್ಬರ ಕೈಯಲ್ಲೂ ಮೊಬೈಲೇ. ಒಬ್ಬ ಅದರಲ್ಲಿ ರೇಟು ಓದುತ್ತಾನೆ, ಇನ್ನೊಬ್ಬ ರೇಟು ಬರೆಯುತ್ತಾನೆ.

ಸಿದ್ಧಾಂತ: ಬೆಲೆ ಒಪ್ಪಿಗೆಯಾಗದಿದ್ದರೆ ಬಿಡಬಹುದು ನಿಜ. ಆದರೆ ಒಳಗಿನ ಕೋಶ ಯಾವ ಗ್ರೂಪಿನಲ್ಲೂ ಇಲ್ಲ. ಗೂಡು ಕಟ್ಟಿದ ಹತ್ತು–ಹನ್ನೆರಡು ದಿನಕ್ಕೆ ಅದು ಪತಂಗವಾಗಿ, ತೂತು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗದು. ಹಾಗಾಗಿ ಸಿಕ್ಕ ಬೆಲೆಗೆ ಕೊಟ್ಟು ಬಸ್ ಹತ್ತುವುದೇ ಸಿದ್ಧಾಂತ. ಬಸ್ಸು ಚನ್ನಪಟ್ಟಣ ಮುಟ್ಟುವ ಮೊದಲೇ ‘ಎಷ್ಟಕ್ಕೆ ಹೋಯ್ತಣ್ಣ?’ ಎಂದು ಗ್ರೂಪು ಕೇಳುತ್ತದೆ. ಅಣ್ಣ ಮರ್ಯಾದೆಯ ಬಾಬ್ತು ಕೆಜಿಗೆ ಐವತ್ತು ರೂಪಾಯಿ ಸೇರಿಸಿ ಒತ್ತುತ್ತಾನೆ. ನಾಳೆಯ ಅಪೌರುಷೇಯ ವಾಕ್ಯ ಹುಟ್ಟುವುದು ಹೀಗೆ.

ಫಲಶ್ರುತಿ: ‘ತೂಕದ ಚೀಟಿ ಫೋಟೊ ಹಾಕಣ್ಣ’ ಎಂದು ಕೇಳುವವರನ್ನು ಈ ದರ್ಶನದಲ್ಲಿ ನಾಸ್ತಿಕರೆನ್ನುತ್ತಾರೆ. ಅಂಥವರನ್ನು ಅಡ್ಮಿನ್ ಗ್ರೂಪಿನಿಂದ ತೆಗೆಯತಕ್ಕದ್ದು.