ತೂಕದ ಮನುಷ್ಯ

ನಿವೃತ್ತ ಗಣಿತ ಮಾಸ್ತರರಿಲ್ಲದ ಓಣಿ ಬೀದರ ಶಹರದಲ್ಲಿ ಸಿಗುವುದು ಕಷ್ಟ. ನೀವು ಏನೇ ಕೊಂಡು ತನ್ನಿ, ಅವರು ಮೊದಲು ಕೇಳುವುದು ಬೆಲೆ. ಹೇಳಿದಿರೋ, ಕನ್ನಡಕ ಹಣೆಗೇರುತ್ತದೆ: "ಇಷ್ಟು ರೊಕ್ಕ ಕೊಟ್ರಿ? ಮನ್ಯಾಗೇ ಮಾಡಬಹುದಿತ್ತಲ್ಲ!" ಈ ತತ್ವದ ಫಲವಾಗಿ ನಮ್ಮ ಓಣಿಯ ಮಾಸ್ತರರ ಪಡಸಾಲೆಯಲ್ಲಿ ಎಣ್ಣೆ ಡಬ್ಬಿಯ ಕೂಲರ್ ಒಂದಿದೆ. ತಂಪು ಗಾಳಿ ಬಿಟ್ಟು ಉಳಿದದ್ದೆಲ್ಲ ಕೊಡುತ್ತದೆ: ಸಪ್ಪಳ, ನೀರು, ಆಗಾಗ ಶಾಕ್.

ಡಿಸೆಂಬರ್ ಕೊನೆಗೆ ಹೈದರಾಬಾದಿನಿಂದ ಸೊಸೆ, ಆರು ವರ್ಷದ ಮೊಮ್ಮಗನನ್ನು ಕರಕೊಂಡು ಬಂದಳು. ಹುಡುಗ ರಾತ್ರಿಯೆಲ್ಲ ಗಡಿಯಾರದ ಮುಳ್ಳಿನ ಹಾಗೆ ಹಾಸಿಗೆ ತುಂಬ ತಿರುಗುತ್ತಾನೆ. ಭಾರದ ಹೊದಿಕೆ ಹೊದಿಸಿ ನೋಡಿ ಅಂದಿದ್ದಾರಂತೆ ಡಾಕ್ಟರು. ಮೈಮೇಲೆ ಹಿತವಾದ ಒತ್ತಡ ಬಿದ್ದರೆ ಕೆಲವು ಮಕ್ಕಳಿಗೆ ಸಮಾಧಾನವಂತೆ. ಸೊಸೆ ಮೊಬೈಲಿನಲ್ಲಿ ಬೆಲೆ ತೋರಿಸಿದ್ದೇ ತಡ, ಕನ್ನಡಕ ಹಣೆಗೇರಿತು.

"ಭಾರಕ್ಕ ರೊಕ್ಕ ಕೊಡೋದೇನವ್ವಾ? ಭಾರ ಪುಕ್ಕಟ ಸಿಗ್ತದ!"

ಸೊಸೆ ಓದಿಕೊಂಡವಳು. ಆಟಿಸಂ ಇರುವ 67 ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದ ಮಾತೆತ್ತಿದಳು. ಈ ಹೊದಿಕೆಯಿಂದ ನಿದ್ದೆಯೇನೂ ಹೆಚ್ಚಲಿಲ್ಲ, ಆದರೆ ಮಕ್ಕಳಿಗೂ ತಂದೆತಾಯಿಗೂ ಅದು ಮನಸ್ಸಿಗೆ ಬಂತು ಅಂದಳು. ಮಾಸ್ತರರು ಮೊದಲ ಭಾಗವನ್ನು ಹೊಡೆದುಹಾಕಿ ಎರಡನೆಯದಕ್ಕೆ ಪೂರ್ತಿ ಅಂಕ ಕೊಟ್ಟರು. ಹೊದಿಕೆ ಹುಡುಗನ ತೂಕದ ಹತ್ತರಲ್ಲಿ ಒಂದು ಪಾಲು ಇದ್ದರೆ ಸಾಕು, ಬೇಡವೆನಿಸಿದರೆ ಅವನೇ ಕಿತ್ತೊಗೆಯುವಂತಿರಬೇಕು, ಮುಖದ ಮೇಲೆ ಬರಬಾರದು, ಕೂಸುಗಳಿಗಂತೂ ಬೇಡವೇ ಬೇಡ ಎಂದು ಅವಳು ಒಂದೊಂದಾಗಿ ಹೇಳಿದಳು. ಮಾಸ್ತರರ ಕಿವಿಗೆ ಬಿದ್ದದ್ದು "ಹತ್ತರಲ್ಲಿ ಒಂದು" ಮಾತ್ರ. ಉಳಿದದ್ದನ್ನು ಅವರ ಹೆಂಡತಿ ನೆನಪಿಟ್ಟುಕೊಂಡರು. ಆ ಮನೆಯ ಪದ್ಧತಿಯೇ ಹಾಗೆ.

ಗಾಂಧಿ ಗಂಜಿನ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಇಳಿಸಿ ಮೊಮ್ಮಗನನ್ನು ಕಾಟಾದ ಮೇಲೆ ನಿಲ್ಲಿಸಿದರು. ಇಪ್ಪತ್ತು ಕಿಲೋ. "ಧಾರಣಿ ಹ್ಯಾಂಗ್ರಿ ಮಾಸ್ತರ್?" ಅಂದ ಹಮಾಲ.

ತುಂಬುವುದು ಏನನ್ನು? ಪುಕ್ಕಟ ಸಿಗುವುದು ಮಣ್ಣು. "ಕೋಟಿ ಮಣ್ಣು ಹಚ್ಚಿದ್ರ ಬಿದ್ರಿ ಸಾಮಾನೇ ಕರ್ರಗ ಆಗ್ತದ, ಕೂಸಿನ ಗತಿ ಏನ್ರಿ?" ಅಂದರು ಹೆಂಡತಿ. ಆ ಕಪ್ಪಿಗೆ ನವಸಾಗರವೂ ಬೇಕು ಎಂದು ಮಾಸ್ತರರು ವಾದಿಸಿದರು, ಸೋತರು. ಅಂಗಡಿಯ ಹೊದಿಕೆಯಲ್ಲಿ ಗಾಜಿನ ಸಣ್ಣ ಮಣಿ ಇರುತ್ತವೆ. ಅವಕ್ಕೆ ರೊಕ್ಕ ಬೀಳುತ್ತದೆ. ಔರಾದಿನ ತಂಗಿಗೆ ಫೋನ್ ಹೋಯಿತು. ಸಂಜೆ ಬಸ್ಸಿಗೆ ಅವಳ ಹೊಲದ ಹೆಸರುಕಾಳು ಬಂತು.

ಇನ್ನು ಲೆಕ್ಕ. ಎಂಟು ಸಾಲು, ಆರು ಕಂಬ, 48 ಖಾನೆ. ಎರಡು ಸಾವಿರ ಗ್ರಾಂ ಭಾಗಿಸು 48. "ಖಾನೆಗೆ 41.66 ಗ್ರಾಂ, ಒಂದು ಕಾಳೂ ಹೆಚ್ಚಾಗಬಾರದು."

"ಬಟ್ಟಿ ತೂಕ ಯಾರ ಅಪ್ಪ ಕಳೀತಾನ್ರಿ?"

ಕೇಳಿದ ಹೆಂಡತಿ ಭಾಲ್ಕಿಯ ತವರಿನಲ್ಲಿ ಕೌದಿ ಹೊಲಿಯುತ್ತಲೇ ಬೆಳೆದವರು. ಹಳೆ ಸೀರೆ, ಧೋತರದ ಪದರು ತೂಗಿದರೆ ಎಂಟುನೂರು ಗ್ರಾಂ. ಮಾಸ್ತರರು ಎದ್ದುಹೋಗಿ ಹೊಸ ಹಾಳೆ ತಂದರು: ಖಾನೆಗೆ 25. ಆಕೆ ಮೊದಲು ಉದ್ದಕ್ಕೆ ದಾರ ಓಡಿಸಿ ಕೊಳವೆ ಮಾಡಿದರು. ಪ್ರತಿ ಕೊಳವೆಗೂ ಚಹಾದ ಕಪ್ಪಿನಲ್ಲಿ ಅಂದಾಜಿನ ಮೇಲೆ ಕಾಳು ಸುರಿದು, ಕೆಳಕ್ಕೆ ತಟ್ಟಿ, ಅಡ್ಡ ಹೊಲಿಗೆ ಹಾಕಿ ಬಾಯಿ ಮುಚ್ಚಿದರು. ಮತ್ತೆ ಮುಂದಿನ ಸಾಲು. ಮಾಸ್ತರರು ಪಕ್ಕದಲ್ಲಿ ಕೂತು, "ನಾವು ಮಾಡ್ಲಿಕ್ಕತ್ತೀವಿ" ಎಂದು ಬಂದವರಿಗೆಲ್ಲ ಹೇಳಿದರು.

ಹುಡುಗನಿಗೆ ಅದು ಬಲು ಸೇರಿತು. ಖಾನೆಯೊಳಗಿನ ಕಾಳು ಹಿಚುಕುತ್ತ ಮಲಗಿದ. ಮಾಸ್ತರರು ಮಾತ್ರ ಪ್ರಯೋಗದ ಫಲ ನೋಡಲು ತಾಸಿಗೊಮ್ಮೆ ಬ್ಯಾಟರಿ ಬಿಟ್ಟು ಅವನನ್ನು ಎಬ್ಬಿಸಿದರು.

ಮುಂದೊಂದು ದಿನ ಹೊದಿಕೆಯ ಮೇಲೆ ಹಾಲು ಚೆಲ್ಲಿತು. ಹೆಂಗಸರು ಭಾಲ್ಕಿಗೆ ಮದುವೆಗೆ ಹೋಗಿದ್ದರು. "ತೊಳಿಲಿಕ್ಕ ಏನದ?" ಎಂದು ಮಾಸ್ತರರು ಅದನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಹಾಕಿದರು. ಮುಂಜಾನೆ ಎತ್ತಲು ಪಕ್ಕದ ಮನೆಯವರನ್ನು ಕೂಗಬೇಕಾಯಿತು. ನೀರು ಕುಡಿದ ಕಾಳು ಉಬ್ಬಿ ಹೊಲಿಗೆ ಬಿಗಿದುಕೊಂಡಿತ್ತು. ನೆರಳಲ್ಲಿ ಒಣಹಾಕಿದರು, ಬಿಸಿಲಿಗೆ ಬಣ್ಣ ಹೋಗುತ್ತದಲ್ಲ.

ಹೆಂಗಸರು ಮರಳಿ ಬಂದಾಗ ಹೊದಿಕೆಯ ಹೊಲಿಗೆ ಹೊಲಿಗೆಯಲ್ಲೂ ಬೆಳ್ಳನೆಯ ಮೊಳಕೆ ಇಣುಕುತ್ತಿತ್ತು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹೆಂಡತಿ ಹಣೆ ಚಚ್ಚಿಕೊಂಡರು. ಮಾಸ್ತರರು ಒಂದು ಖಾನೆ ಬಿಚ್ಚಿ, ನೂರು ಕಾಳು ಎಣಿಸಿ, ಹಾಳೆಯಲ್ಲಿ ಬರೆದುಕೊಂಡು ಔರಾದಿಗೆ ಫೋನ್ ಹಚ್ಚಿದರು:

"ತಂಗೀ, ನೂರಕ್ಕ ತೊಂಬತ್ತಾರು ಮೊಳಕಿ ಬಂದದ! ಮುಂಗಾರಿಗೆ ಪ್ಯಾಟ್ಯಾಗ ಬೀಜ ತರಬ್ಯಾಡ. ನಿಂದೇ ಬಿತ್ತು. ನಾ ಟೆಸ್ಟ್ ಮಾಡೀನಿ."